ಬೋಣಿಗೆ ಬಂದ ರೂಟರ್

ಹರ್ಷಿತಾಳ ಕೋಣೆಗೆ ನೆಟ್ ಬರುತ್ತಿರಲಿಲ್ಲ. ಮನೆಗೆ ಬರುತ್ತಿತ್ತು. ಬೀದಿ ಕಡೆಯ ಹಜಾರದಲ್ಲಿ ಕೂತರೆ ಟೀವಿಯಲ್ಲಿ ಸುದ್ದಿಯವರು ಅರಚುವುದು ಒಂದು ಅಕ್ಷರ ಬಿಡದೆ ಕೇಳುತ್ತಿತ್ತು. ಅಲ್ಲಿಂದ ನಡುಮನೆ, ದೇವರಮನೆ, ಅಡುಗೆಮನೆ ದಾಟಿ ಹಿಂದಿನ ಕೋಣೆಗೆ ಬರುವಷ್ಟರಲ್ಲಿ ವೈಫೈ ಸತ್ತುಹೋಗುತ್ತಿತ್ತು. ಚಾಮರಾಜಪೇಟೆಯ ಆ ಮನೆ ರೈಲು ಡಬ್ಬಿಯ ಹಾಗೆ ಉದ್ದಕ್ಕಿತ್ತು, ಗೋಡೆಗಳು ಮೊಳದಗಲ. ಮಾವ ಮಲ್ಲಿಕಾರ್ಜುನಯ್ಯನವರು ಬಂದವರಿಗೆಲ್ಲ ಆ ಗೋಡೆ ತಟ್ಟಿ ತೋರಿಸಿ, "ಬಾಂಬ್ ಬಿದ್ರೂ ಏನೂ ಆಗಲ್ಲ ಇದಕ್ಕೆ" ಎನ್ನುತ್ತಿದ್ದರು. ಬಾಂಬು ಬಿದ್ದಿರಲಿಲ್ಲ. ಮೊಬೈಲ್ ಡೇಟಾ ಕೂಡ ಆ ಗೋಡೆಗೆ ಹೆದರುತ್ತಿತ್ತು.

ಹಿಂದಿನ ಕೋಣೆ ಮೊದಲು ಮಾವನ ಪಾತ್ರೆ ಅಂಗಡಿಯ ಹಳೇ ಸರಕು ತುಂಬುವ ಜಾಗ. ಹರ್ಷಿತಾ ಶಾಲೆಯ ಕೆಲಸ ಬಿಟ್ಟ ಮೇಲೆ ಅದನ್ನು ಖಾಲಿ ಮಾಡಿ, ಸುಣ್ಣ ಹೊಡೆಸಿ, ಒಂದು ಮೇಜು ಹಾಕಿಕೊಂಡು ಹತ್ತನೇ ತರಗತಿಯ ಮಕ್ಕಳಿಗೆ ಆನ್‌ಲೈನ್ ಗಣಿತ ಹೇಳಿಕೊಡಲು ಶುರು ಮಾಡಿದ್ದಳು. ಹನ್ನೊಂದು ಮಕ್ಕಳು. ಒಬ್ಬೊಬ್ಬರನ್ನೂ ಅವಳೇ ಹುಡುಕಿ, ಅವರ ಅಪ್ಪ ಅಮ್ಮಂದಿರ ಹತ್ತಿರ ಗಂಟೆಗಟ್ಟಲೆ ಮಾತಾಡಿ ಸೇರಿಸಿಕೊಂಡದ್ದು. ಈ ಮನೆಯಲ್ಲಿ ತನ್ನದು ಅಂತ ಅವಳಿಗಿದ್ದದ್ದು ಅದೊಂದೇ.

ಗುರುವಾರ ಸಂಜೆ ತ್ರಿಭುಜದ ಪ್ರಮೇಯದ ನಡುವೆ ತೆರೆ ನಿಂತುಹೋಯಿತು. ಮತ್ತೆ ಬಂದಾಗ ಮಕ್ಕಳು ನಗುತ್ತಿದ್ದರು. ರಕ್ಷಿತಾ ಅನ್ನುವ ಹುಡುಗಿ ಬಾಯಿ ಅರ್ಧ ತೆರೆದು, ಕೈ ಮೇಲೆತ್ತಿ ಅಲ್ಲಾಡದೆ ಕೂತು ಮಿಸ್ಸನ್ನು ಅಣಕಿಸಿ ತೋರಿಸುತ್ತಿದ್ದಳು. ಕ್ಲಾಸ್ ಮುಗಿದ ಮೇಲೆ ಪೂಜಿತಾಳ ಅಮ್ಮನ ಫೋನ್ ಬಂತು.

"ಮಿಸ್, ನೀವು ಹೇಳ್ಕೊಡೋದು ಚೆನ್ನಾಗಿದೆ, ಅದಕ್ಕೇನಿಲ್ಲ. ಆದ್ರೆ ಕೇಳಿಸಬೇಕಲ್ಲ. ಪ್ರಿಪರೇಟರಿ ಪರೀಕ್ಷೆ ಹತ್ರ ಬಂತು. ಭಾನುವಾರದ ರಿವಿಷನ್‌ಗೆ ನಾವೂ ಮಕ್ಕಳ ಪಕ್ಕ ಕೂತ್ಕೊಂಡು ನೋಡ್ತೀವಿ. ಸರಿ ಹೋಗದಿದ್ರೆ ಬೇರೆ ಕಡೆ ಹಾಕ್ತೀವಿ. ನಾನೊಬ್ಬಳೇ ಅಲ್ಲ, ಗ್ರೂಪಲ್ಲಿ ಎಲ್ಲರ ಮಾತೂ ಅದೇ."

ಆ ರಾತ್ರಿ ಹರ್ಷಿತಾ ಕೂತು ಓದಿದಳು. ಅರ್ಥವಾದದ್ದು ಇಷ್ಟು. ವೈಫೈಗೆ ಎರಡು ಬ್ಯಾಂಡ್. ಒಂದು ಗೋಡೆ ದಾಟಿ ದೂರ ಹೋಗುತ್ತದೆ, ಆದರೆ ನಿಧಾನ; ಬೀದಿಯ ಅಷ್ಟೂ ಮನೆಗಳು ಅದರಲ್ಲೇ ನುಗ್ಗಾಡುತ್ತಿರುತ್ತವೆ. ಇನ್ನೊಂದು ವೇಗ, ಗಲಾಟೆ ಕಮ್ಮಿ, ಆದರೆ ಗೋಡೆ ಕಂಡರೆ ನಿಂತುಬಿಡುತ್ತದೆ. ಎರಡೂ ಇರುವ ಡ್ಯುಯಲ್ ಬ್ಯಾಂಡ್ ರೂಟರ್ ತಂದು, ಹಜಾರದಿಂದ ಹಿಂದಿನ ಕೋಣೆಗೆ ತಂತಿ ಎಳೆದು, ಅದನ್ನು ತನ್ನ ಮೇಜಿನ ಮೇಲೇ ಇಟ್ಟುಕೊಂಡರೆ ಆಯಿತು. ವೇಗದ್ದು ತನ್ನ ಕ್ಲಾಸಿಗೆ, ದೂರದ್ದು ಮನೆಯವರ ಟೀವಿ, ಫೋನಿಗೆ. ಬೆಳಿಗ್ಗೆ ಎದ್ದು ಆನ್‌ಲೈನಲ್ಲಿ ಆರ್ಡರ್ ಹಾಕಿ, ತಿಂಡಿ ತಿನ್ನುವಾಗ ಸುಮ್ಮನೆ ಒಂದು ಮಾತು ಅಂದಳು. ಅಂದದ್ದೇ ತಪ್ಪಾಯಿತು.

"ಕ್ಯಾನ್ಸಲ್ ಮಾಡು" ಎಂದರು ಮಾವ. "ಮುಖ ನೋಡದೆ ವ್ಯಾಪಾರ ಏನಮ್ಮಾ? ಕೆಟ್ರೆ ಯಾರನ್ನ ಕೇಳ್ತೀಯ? ಕಲಾಸಿಪಾಳ್ಯದಲ್ಲಿ ರಾಮಾಂಜಿ ಇಲ್ವಾ? ಅವನ ಮಗಳ ಮದುವೆ ಪಾತ್ರೆಯೆಲ್ಲ ನಮ್ಮ ಅಂಗಡೀದೇ. ನಾವು ಇಂಥದ್ದಕ್ಕೆ ಅವನ ಹತ್ರ ಹೋಗಲಿಲ್ಲ ಅಂದ್ರೆ ಏನಂದ್ಕೋತಾನೆ?"

"ಮಾವಾ, ಅವರು ಫ್ಯಾನು, ಗೀಸರು ಮಾರೋರು."

"ಕರೆಂಟಿಂದ ಓಡೋದೆಲ್ಲ ಮಾರ್ತಾನೆ. ಚೀಟಿ ಬರ್ಕೊಡು, ನಾಳೆ ಅಂಗಡಿಗೆ ಹೋಗ್ತಾ ತರ್ತೀನಿ."

ಅವಳು ಗಂಡನ ಮುಖ ನೋಡಿದಳು. ಕೇದಾರ್ ಬ್ಯಾಂಕಿನಲ್ಲಿ ಕೆಲಸ ಮಾಡುವವನು. ಎರಡು ಕಡೆಯವರಿಗೂ ಬೇಸರವಾಗದಂತೆ ಮಾತಾಡುವುದು ಅವನ ಕಸುಬು. "ಯಾವುದಾದ್ರೇನು, ಬಂದ್ರೆ ಸಾಕಲ್ವಾ" ಎಂದು ದೋಸೆ ಮುರಿದುಕೊಂಡ. ಅವಳು ಆರ್ಡರ್ ರದ್ದು ಮಾಡಿ ಚೀಟಿಯಲ್ಲಿ ಡ್ಯುಯಲ್ ಬ್ಯಾಂಡ್ ಎಂದು ದೊಡ್ಡದಾಗಿ ಬರೆದು, ಕೆಳಗೆ ಗೆರೆ ಎಳೆದು ಕೊಟ್ಟಳು.

ಶನಿವಾರ ಮಧ್ಯಾಹ್ನ ಊಟಕ್ಕೆ ಬಂದ ಮಾವ ಚೀಲದಿಂದ ಪೆಟ್ಟಿಗೆ ತೆಗೆದು ಮೇಜಿನ ಮೇಲಿಟ್ಟರು. ಮುಖದಲ್ಲಿ ಗೆದ್ದ ಕಳೆ. "ನೋಡು. ನೀನು ಕೇಳಿದ್ದು ಎರಡು. ನಾನು ತಂದಿರೋದು ನಾಲ್ಕು ಕಡ್ಡೀದು."

ಹರ್ಷಿತಾ ಪೆಟ್ಟಿಗೆ ತಿರುಗಿಸಿ ಓದಿದಳು. ಕಡ್ಡಿ, ಅಂದರೆ ಆಂಟೆನಾ, ನಾಲ್ಕಿದ್ದವು. ಬ್ಯಾಂಡ್ ಒಂದೇ ಇತ್ತು. ಗೋಡೆ ದಾಟುವುದು, ನಿಧಾನದ್ದು, ಈಗಾಗಲೇ ಮನೆಯಲ್ಲಿದ್ದದ್ದೇ.

"ಮಾವಾ, ಇದು ಅದಲ್ಲ. ಈಗ್ಲೇ ಹೋಗಿ ಬದಲಾಯಿಸ್ಕೊಂಡು ಬರ್ತೀನಿ, ಬಿಲ್ ಕೊಡಿ."

ಮಾವನ ಕೈ ತುತ್ತಿನ ಜೊತೆ ಅರ್ಧದಲ್ಲಿ ನಿಂತಿತು. "ಬದಲಾಯಿಸೋದಾ? ಏನು ಮಾತೂಂತ ಆಡ್ತೀಯ? ಅವನು ಬಾಗಿಲು ತೆಗೆದು ಊದುಬತ್ತಿ ಹಚ್ಚುತ್ತಿದ್ದ, ನಾನು ಹೋದೆ. ದಿನದ ಮೊದಲ ವ್ಯಾಪಾರ ನಂದು. ಬೋಣಿ ಮಾಡಿದ ಮಾಲನ್ನ ಅದೇ ದಿನ ವಾಪಸ್ ತಗೊಂಡು ಹೋಗಿ ಅವನ ಗಲ್ಲಾದ ಮುಂದೆ ಇಡ್ತೀಯಾ? ನಮ್ಮ ಅಂಗಡೀಲಿ ಯಾರಾದ್ರೂ ಹಂಗೆ ಮಾಡಿದ್ರೆ ನಾನು ಅವರ ಮುಖ ಇನ್ನೊಂದ್ಸಲ ನೋಡಲ್ಲ."

"ನಾಳೆ ಬದಲಾಯಿಸಬಹುದಾ ಹಾಗಾದ್ರೆ?"

"ನಾಳೆ ಭಾನುವಾರ. ಅಂಗಡಿ ರಜ."

ಅತ್ತೆ ಶೈಲಜಮ್ಮ ಸಾರು ಬಡಿಸುತ್ತ, "ನಾಲ್ಕು ಕಡ್ಡಿ ಇದೆಯಲ್ಲಮ್ಮಾ, ಒಂದಾದ್ರೂ ನಿನ್ನ ರೂಮಿನ ಕಡೆ ತಿರುಗಿಸ್ಕೋ" ಎಂದರು. ಅತ್ತೆ ಹೇಳಿದ್ದು ಗೇಲಿಗೋ ನಿಜಕ್ಕೋ ಎಂದು ತಿಳಿಯುವ ವ್ಯವಧಾನ ಹರ್ಷಿತಾಳಿಗೆ ಇರಲಿಲ್ಲ. ಅವಳು ಊಟ ಬಿಟ್ಟು ಎದ್ದು, ಮಾರ್ಕೆಟ್ ಸ್ಟೇಷನ್ನಿನಲ್ಲಿ ಮೆಟ್ರೋ ಹತ್ತಿ ಸಂಪಿಗೆ ರಸ್ತೆಗೆ ಹೋದಳು. ಅಲ್ಲಿನ ಅಂಗಡಿಯಲ್ಲಿ ಯಾರೂ ಯಾರ ಮಗಳ ಮದುವೆಗೂ ಪಾತ್ರೆ ಕೊಂಡವರಲ್ಲ. ಬೇಕಾದದ್ದನ್ನು ಕೇಳಿ, ತನ್ನ ಕಾರ್ಡ್ ಉಜ್ಜಿ, ಉದ್ದ ತಂತಿಯ ಸುರುಳಿ ಹೆಗಲಿಗೆ ಹಾಕಿಕೊಂಡು ಬಂದಳು.

ಸಂಜೆ ಕೇದಾರ್ ಸ್ಟೂಲ್ ಹತ್ತಿ ಗೋಡೆಗೆ ಕ್ಲಿಪ್ ಹೊಡೆದು ತಂತಿ ಎಳೆದ. ಮೊಳೆಗಳು ಸೊಟ್ಟಗಾದವು, ಸುಣ್ಣ ಉದುರಿತು. ತಂತಿ ಮಾತ್ರ ಹಿಂದಿನ ಕೋಣೆ ಮುಟ್ಟಿತು. ಹಜಾರದಲ್ಲಿದ್ದ ಫೈಬರ್ ಡಬ್ಬಕ್ಕೆ ತಂತಿ ಸಿಕ್ಕಿಸುವ ಕಿಂಡಿ ಒಂದೇ. ಹಳೇ ರೂಟರಿನ ತಂತಿ ಕಿತ್ತು ಅದಕ್ಕೆ ಇದನ್ನು ಹಾಕಿದರು. ಇನ್ನೇನು ಆಯಿತು ಅನ್ನುವಾಗ ಹೊಸ ರೂಟರ್ ಯೂಸರ್‌ನೇಮ್, ಪಾಸ್‌ವರ್ಡ್ ಕೇಳಿತು. ನೆಟ್ ಕಂಪನಿಗೆ ಫೋನ್ ಮಾಡಿದರೆ, ಕನೆಕ್ಷನ್ ಯಾರ ಹೆಸರಲ್ಲಿದೆಯೋ ಅವರ ನಂಬರಿಗೆ ಓಟಿಪಿ ಕಳಿಸುತ್ತೇವೆ, ಅದನ್ನು ಹೇಳಿ ಎಂದರು.

ನಂಬರ್ ಮಾವನದು. ಫೋನ್ ಮಾವನ ಅಂಗಿ ಜೇಬಿನಲ್ಲಿ. ಅಂಗಿ ದೇವರಮನೆಯ ಗೂಟದಲ್ಲಿ. ಮಾವ ಒಳಗೆ ವಿಭೂತಿ ಹಚ್ಚಿಕೊಂಡು, ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಕಣ್ಣು ಮುಚ್ಚಿ ಕೂತಿದ್ದರು. ಹರ್ಷಿತಾ ಬಾಗಿಲಲ್ಲಿ ನಿಂತಳು. ಒಳಗೆ ಫೋನ್ ಎರಡು ಸಲ ಟುಂಯ್ ಎಂದಿತು.

"ಪೂಜೆ ಮುಗಿಯೋವರೆಗೂ ಒಳಗೆ ಹೋಗಬೇಡ" ಎಂದರು ಅತ್ತೆ.

"ಅತ್ತೆ, ಅಷ್ಟರಲ್ಲಿ ಅದರ ಟೈಮ್ ಮುಗಿದೋಗುತ್ತೆ."

"ಮುಗಿದ್ರೆ ಇನ್ನೊಂದು ಕಳಿಸ್ತಾರೆ. ಅವರಿಗೇನು ಕೈ ನೋಯುತ್ತಾ?"

ಇನ್ನೊಂದು ಕಳಿಸಿದರು, ನಿಜ. ಅದಕ್ಕೆ ಮತ್ತೆ ಫೋನ್ ಮಾಡಿ, ಸಂಗೀತ ಕೇಳಿ, ತನ್ನ ಕಷ್ಟವನ್ನು ಮೊದಲಿಂದ ಬೇರೊಬ್ಬನಿಗೆ ಹೇಳಬೇಕಾಯಿತು. ಊಟದ ಹೊತ್ತಿಗೆ ರೂಟರಿನ ದೀಪ ಹಸಿರಾಯಿತು. ಅವಳು ಎರಡು ಬ್ಯಾಂಡಿಗೂ ಬೇರೆ ಬೇರೆ ಹೆಸರು ಕೊಟ್ಟಳು. ಒಂದು 'ಮನೆ', ಇನ್ನೊಂದು 'ಕ್ಲಾಸ್'.

ಶೈಲಜಮ್ಮ ಟೀವಿಯಲ್ಲಿ ಎರಡೂ ಹೆಸರು ನೋಡಿದರು. "ಇದೇನು, ಒಂದೇ ಮನೇಲಿ ಎರಡು ಒಲೆ ಹೂಡಿದಂಗೆ? ಬೇರೆ ಹೋಗೋದಿದ್ರೆ ಬಾಯಿಬಿಟ್ಟು ಹೇಳ್ಬಿಡಮ್ಮಾ."

"ಅತ್ತೆ, ಬೇರೆ ಏನೂ ಇಲ್ಲ, ಡಬ್ಬ ಒಂದೇ."

"ಡಬ್ಬ ಒಂದೇ ಆದ್ರೆ ಹೆಸರ್ಯಾಕೆ ಎರಡು?"

ಹರ್ಷಿತಾ ಕೋಣೆಗೆ ಹೋಗಿ ಪರೀಕ್ಷೆ ಮಾಡಿದಳು. ವೀಡಿಯೋ ನೀರಿನ ಹಾಗೆ ಓಡಿತು. ಎಷ್ಟೋ ದಿನದ ಮೇಲೆ ಅವಳು ಗಣಿತವನ್ನು ಬಿಟ್ಟು ಬೇರೇನನ್ನೂ ಯೋಚಿಸದೆ ಮಾರನೇ ದಿನದ ಲೆಕ್ಕಗಳನ್ನು ಆರಿಸಿಟ್ಟಳು. ನಾಲ್ಕು ಕಡ್ಡಿಯ ಪೆಟ್ಟಿಗೆ ಹಜಾರದ ಸ್ಟ್ಯಾಂಡಿನ ಮೇಲೆ ಬಿಚ್ಚದೆ ಬಿದ್ದಿತ್ತು. ಮಾವ ಅದನ್ನೂ ಸೊಸೆಯನ್ನೂ ನೋಡಿ ಮಲಗಲು ಹೋದರು.

ಭಾನುವಾರ ಕ್ಲಾಸ್ ಸರಿಯಾಗಿ ಶುರುವಾಯಿತು. ತೆರೆಯ ಚೌಕಗಳಲ್ಲಿ ಮಕ್ಕಳ ಪಕ್ಕ ಅಪ್ಪಂದಿರು, ಅಮ್ಮಂದಿರು. ಪೂಜಿತಾಳ ಅಮ್ಮ ಕನ್ನಡಕ ಹಾಕಿಕೊಂಡು ಪರೀಕ್ಷಕಿಯ ಹಾಗೆ ಕೂತಿದ್ದರು. ಹರ್ಷಿತಾ ವರ್ಗ ಸಮೀಕರಣದಿಂದ ಶುರು ಮಾಡಿದಳು. ಮೊದಲ ಲೆಕ್ಕ ಮುಗಿದಾಗ ರಕ್ಷಿತಾಳ ಅಪ್ಪ, "ನನಗೇ ಅರ್ಥ ಆಯ್ತು ಮಿಸ್, ನಾನು ಗಣಿತದಲ್ಲಿ ಫೇಲು" ಎಂದರು. ಎಲ್ಲರೂ ನಕ್ಕರು. ಪೂಜಿತಾಳ ಅಮ್ಮನೂ ನಕ್ಕರು. ಎರಡನೇ ಲೆಕ್ಕದ ಅರ್ಧಕ್ಕೆ ಬಂದಿದ್ದಳು.

ಚೌಕಗಳೆಲ್ಲ ಒಟ್ಟಿಗೆ ಕಪ್ಪಾದವು.

ಮೊದಲು ಕರೆಂಟ್ ನೋಡಿದಳು, ಇತ್ತು. ಮೇಜಿನ ಮೇಲಿನ ರೂಟರ್ ನೋಡಿದಳು. ಹಸಿರು ದೀಪ ಕೆಂಪಾಗಿತ್ತು. ತಂತಿಯ ಜಾಡು ಹಿಡಿದುಕೊಂಡೇ ಅಡುಗೆಮನೆ, ದೇವರಮನೆ, ನಡುಮನೆ ದಾಟಿ ಹಜಾರಕ್ಕೆ ಬಂದಳು.

ಸೋಫಾದಲ್ಲಿ ಬಿಳಿ ಅಂಗಿಯ ದಪ್ಪ ಮನುಷ್ಯರೊಬ್ಬರು ಕೂತಿದ್ದರು. ಪಕ್ಕದಲ್ಲಿ ಗೃಹಪ್ರವೇಶದ ಪತ್ರಿಕೆಗಳ ಕಟ್ಟು. ಕಲಾಸಿಪಾಳ್ಯದ ರಾಮಾಂಜಿನಪ್ಪ. ಅವರ ಎದುರಿಗೆ ಸ್ಟ್ಯಾಂಡಿನ ಮೇಲೆ ನಾಲ್ಕು ಕಡ್ಡಿಯ ರೂಟರ್ ಪೆಟ್ಟಿಗೆಯಿಂದ ಹೊರಬಂದು, ಕಡ್ಡಿಗಳನ್ನು ನೆಟ್ಟಗೆ ಮಾಡಿಕೊಂಡು, ದೀಪ ಮಿನುಗಿಸುತ್ತ ನಿಂತಿತ್ತು. ಫೈಬರ್ ಡಬ್ಬದ ಒಂದೇ ಕಿಂಡಿಯಲ್ಲಿ ಅದರ ತಂತಿ. ಅವಳ ತಂತಿ ನೆಲದ ಮೇಲೆ ಬಿದ್ದಿತ್ತು.

ಮಾವ ಅವಳನ್ನು ನೋಡಿ ಕಣ್ಣಲ್ಲೇ ಬೇಡಿಕೊಂಡರು. ಬಾಯಲ್ಲಿ, "ಹರ್ಷಿತಾ, ರಾಮಾಂಜಿ ಬಂದಿದಾನೆ, ಕಾಫಿ ಮಾಡಮ್ಮಾ" ಎಂದರು.

"ಚೆನ್ನಾಗಿ ಓಡ್ತಿದೆಯೇನಮ್ಮಾ ನಮ್ಮ ಪೀಸು?" ಎಂದರು ರಾಮಾಂಜಿನಪ್ಪ, ದೀಪದ ಕಡೆ ಗಲ್ಲ ಎತ್ತಿ.

"ಇಲ್ಲ" ಎಂದಳು ಹರ್ಷಿತಾ. ಬಗ್ಗಿ ಅದರ ತಂತಿ ಕಿತ್ತಳು. "ನನಗೆ ಬೇಕಾಗಿದ್ದದ್ದು ಇದಲ್ಲ. ನಿಮ್ಮ ಬೋಣಿ ಕೆಡುತ್ತೆ ಅಂತ ಮಾವ ವಾಪಸ್ ಕೊಡೋಕೆ ಬಿಡಲಿಲ್ಲ. ಈಗ ನೀವು ನೋಡ್ಲಿ ಅಂತ ನನ್ನ ಕ್ಲಾಸ್ ನಡೀತಿರುವಾಗ ಇದನ್ನ ಸಿಕ್ಕಿಸಿದಾರೆ."

ಶೈಲಜಮ್ಮ ಒಳಗಿನಿಂದ ಬಂದು ಬಾಗಿಲಲ್ಲೇ ನಿಂತರು. ರಾಮಾಂಜಿನಪ್ಪ ಮಲ್ಲಿಕಾರ್ಜುನಯ್ಯನವರ ಕಡೆ ತಿರುಗಿದರು.

"ಏನ್ ಯಜಮಾನ್ರೇ ಇದು? ನಾನು ನಿನ್ನೇನೇ ಹೇಳ್ಲಿಲ್ವಾ? ಚೀಟೀಲಿರೋ ಮಾಲು ನನ್ನ ಹತ್ರ ಇಲ್ಲ, ಪಕ್ಕದ ಅಂಗಡಿ ತೆಗೀಲಿ, ಹತ್ತು ನಿಮಿಷ ಕೂತ್ಕೊಳ್ಳಿ, ತರಿಸ್ಕೊಡ್ತೀನಿ ಅಂದೆ. ಬೋಣಿ ಹೊತ್ತಲ್ಲಿ ಬರಿಗೈಲಿ ಎದ್ದು ಹೋಗಲ್ಲ, ಇರೋದನ್ನೇ ಕೊಡು ಅಂತ ನೀವೇ ಅಂದ್ರಿ. ಬದಲಾಯಿಸೋಕೇನ್ರೀ? ದಿನಾ ಹತ್ತು ಜನ ಬದಲಾಯಿಸ್ತಾರೆ. ಬೋಣಿಗೆ ಬಂದದ್ದು ಯಾವುದು, ಆಮೇಲೆ ಬಂದದ್ದು ಯಾವುದು ಅಂತ ಬರ್ಕೊಂಡು ಕೂತ್ಕೋತೀನಾ?"

ಮಾವ ಪತ್ರಿಕೆಯ ಅಂಚನ್ನು ಬೆರಳಲ್ಲಿ ಸವರುತ್ತ, "ನೀನು ದೀಪ ಹಚ್ಚಿ ಕೈಮುಗೀತಿದ್ದೆ, ನಾನು ಹೆಂಗೆ ಸುಮ್ನೆ ಎದ್ದು ಬರ್ಲಿ ಮಾರಾಯ" ಎಂದರು. ಅದು ನೆವವಲ್ಲ. ಅವರಿಗೆ ನಿಜವಾಗಿಯೂ ಸಾಧ್ಯವಿರಲಿಲ್ಲ. ಐವತ್ತು ವರ್ಷ ಪೇಟೆಯಲ್ಲಿ ಕೂತ ಮನುಷ್ಯ, ಸ್ನೇಹಿತನ ಅಂಗಡಿಯಿಂದ ಬೆಳಗಿನ ಹೊತ್ತು ಖಾಲಿ ಕೈಯಲ್ಲಿ ಇಳಿಯಲಾರರು. ಸೊಸೆಯ ಚೀಟಿಯನ್ನು ಮಡಚಿ ಜೇಬಿಗೆ ಹಾಕಿಕೊಳ್ಳಬಲ್ಲರು. ಹರ್ಷಿತಾಳಿಗೆ ಅದು ಅರ್ಥವಾಯಿತು. ಅರ್ಥವಾದದ್ದರಿಂದ ಸಿಟ್ಟು ಕಮ್ಮಿಯಾಗಲಿಲ್ಲ.

ಅವಳು ತನ್ನ ತಂತಿ ಸಿಕ್ಕಿಸಿ ಹಿಂದಕ್ಕೆ ಓಡಿದಳು. ದೀಪ ಕೆಂಪಾಗೇ ಇತ್ತು. ಆರಿಸಿ ಹಚ್ಚಿದಳು. ರೂಟರ್ ತನ್ನ ಪಾಡಿಗೆ ಮಿಣುಕುತ್ತ, ಒಂದೊಂದೇ ದೀಪ ಹಚ್ಚಿಕೊಳ್ಳುತ್ತ, ಮದುವೆ ಹೆಣ್ಣಿನ ಹಾಗೆ ತಡಮಾಡಿತು. ಗ್ರೂಪಿಗೆ ಮೆಸೇಜ್ ಹಾಕಲು ಮೊಬೈಲ್ ಹಿಡಿದು ಹಿತ್ತಲಿಗೆ ಹೋದಳು. ಅಲ್ಲಿ ಡೇಟಾ ಸಿಕ್ಕಿದ ಕೂಡಲೇ ಮೊದಲು ಬಂದದ್ದು ಅವರ ಮೆಸೇಜುಗಳು. 'ಮತ್ತೆ ಅದೇ ಕಥೆ.' 'ಮಿಸ್ ಇದೀರಾ?' 'ನಾವು ಹೊರಡ್ತೀವಿ, ಬೇರೆ ಕೆಲಸ ಇದೆ.'

ಕೋಣೆಗೆ ಬಂದಾಗ ದೀಪ ಹಸಿರಾಗಿತ್ತು. ಕ್ಲಾಸ್ ತೆರೆದಳು. ರಕ್ಷಿತಾ ಮತ್ತು ಅವಳ ಅಪ್ಪ ಮಾತ್ರ ಕೂತಿದ್ದರು. "ನಾನು ಆ ಲೆಕ್ಕ ಅರ್ಧ ಮಾಡಿದೀನಿ ಮಿಸ್" ಎಂದಳು ಹುಡುಗಿ. ಹರ್ಷಿತಾ ಉಳಿದರ್ಧ ಮಾಡಿಸಿದಳು. ತೆರೆ ಒಂದು ಸಲವೂ ನಿಲ್ಲಲಿಲ್ಲ.

ಸಂಜೆ ಕೇದಾರ್ ಬಂದು ಮಂಚದ ತುದಿಯಲ್ಲಿ ಕೂತ. "ಅಪ್ಪ ಊಟ ಸರಿಯಾಗಿ ಮಾಡಲಿಲ್ಲ ಕಣೇ. ರಾಮಾಂಜಿನಪ್ಪನವರ ಮುಂದೆ ಅಷ್ಟು ನೇರವಾಗಿ ಹೇಳ್ಬಾರ್ದಿತ್ತು. ಹೋಗಿ ಒಂದು ಮಾತಾಡು."

"ಏನು ಮಾತಾಡ್ಲಿ?"

"ಏನೋ ಒಂದು. ಪರವಾಗಿಲ್ಲ ಅಂತ."

"ಪರವಾಗಿದೆ" ಎಂದು ಅವಳು ಫೋನನ್ನು ಅವನ ಕೈಗೆ ಕೊಟ್ಟಳು. ಅವನು ಮೆಸೇಜುಗಳನ್ನು ಮೇಲಿಂದ ಕೆಳಗೆ ಓದಿದ. ಪೂಜಿತಾಳ ಅಮ್ಮನದು ಉದ್ದಕ್ಕಿತ್ತು, ಮರ್ಯಾದೆಯಾಗಿತ್ತು; ಮಗಳನ್ನು ಬೇರೆ ಕಡೆ ಹಾಕುತ್ತೇವೆ ಎಂದಿತ್ತು. ಇನ್ನೂ ಏಳು ಜನ ಅದರ ಕೆಳಗೆ 'ನಾವೂ' ಎಂದು ಬರೆದಿದ್ದರು. ಅವನು ಫೋನ್ ವಾಪಸ್ ಕೊಟ್ಟು, ಅಪ್ಪನ ಹತ್ತಿರ ಹೋಗು ಎಂದು ಮತ್ತೆ ಹೇಳಲಿಲ್ಲ.

ಹನ್ನೊಂದು ಮಕ್ಕಳಿದ್ದರು. ಎಂಟು ಮಕ್ಕಳು ಹೋದರು.