ನಮ್ಮದಲ್ಲದ ಗಂಟೆ

ಓನೊಮಿಚಿಯಲ್ಲಿ ನನ್ನ ಕಿವಿಯ ಮಾತು ಬಂದರೆ ಈಗಲೂ ನಗುತ್ತಾರೆ. ನಗಲಿ. ಕೈಗೆನ್‌ಜಿ ಗುಡಿಗೆ ಸೊಸೆಯಾಗಿ ಬಂದ ಮರುವರ್ಷದಿಂದ ಇಪ್ಪತ್ತಾರು ವರ್ಷ, ಬೆಳಿಗ್ಗೆ ಆರಕ್ಕೆ, ಸಂಜೆ ಆರಕ್ಕೆ ಅಲ್ಲಿನ ಗಂಟೆ ಹೊಡೆದವಳು ನಾನು. ಹೊಡೆಯಬೇಕಾದವರು ನನ್ನ ಗಂಡ, ಗುಡಿಯ ಗುರುಗಳು. ಅವರಿಗೆ ಬೆಳಗಿನ ಚಳಿ ಆಗಿಬರುತ್ತಿರಲಿಲ್ಲ. ಸಂಜೆಯ ಹೊತ್ತಿಗೆ ಅಕ್ಕಿ ಹೆಂಡ ಒಳಗೆ ಹೋಗಿ ಕೈ ನಡುಗುತ್ತಿತ್ತು. ಒಳ್ಳೆಯ ಮನುಷ್ಯ. ಸೂತ್ರ ಓದಲು ಕುಳಿತರೆ ಜಗಳಗಂಟಿಯರೂ ಸುಮ್ಮನಾಗುತ್ತಿದ್ದರು. ಆದರೆ ಗಂಟೆ ನನ್ನ ಪಾಲಿಗೆ ಬಂತು, ನಾನೂ ಬಿಟ್ಟುಕೊಡಲಿಲ್ಲ.

ನಮ್ಮ ಊರೆಂದರೆ ಒಂದು ಗುಡ್ಡ, ಕೆಳಗೆ ಒಂದು ಪಟ್ಟಿ ಕಡಲು, ನಡುವೆ ಗುಡಿಗಳು. ಅಕ್ಕಿ, ಉಪ್ಪು, ಒಣಮೀನು ತುಂಬಿದ ಹಡಗುಗಳು ಇಲ್ಲಿ ತಂಗುತ್ತಿದ್ದ ಕಾಲದಲ್ಲಿ, ಸಾಹುಕಾರರು ತೂಕದಲ್ಲಿ ಕೈಚಳಕ ತೋರಿಸಿ, ಆಮೇಲೆ ನರಕದ ಭಯ ಹತ್ತಿ ಬುದ್ಧನಿಗೆ ಗುಡಿ ಕಟ್ಟಿಸಿದರು ಎಂದು ನನ್ನ ಅತ್ತೆ ಹೇಳುತ್ತಿದ್ದಳು. ಒಬ್ಬ ಕಟ್ಟಿಸಿದರೆ ಪಕ್ಕದವನು ಸುಮ್ಮನಿರುತ್ತಾನೆಯೇ? ಅವನದು ಹತ್ತು ಮೆಟ್ಟಿಲು ಮೇಲೆ. ಹೀಗೆ ಪೈಪೋಟಿಯಲ್ಲೇ ಗುಡ್ಡ ತುಂಬಿತು. ಪೈಪೋಟಿಯಲ್ಲಿ ಕಟ್ಟಿದವಾದರೂ ಕೆಲಸಕ್ಕೆ ಬಂದವು. ಕಡಲಿಗೆ ಹೋದವರು ಮರಳದಿದ್ದಾಗ ಹೆಂಗಸರು ಎಲ್ಲಿಗೆ ಓಡಿಬರುತ್ತಿದ್ದರು? ನಮ್ಮ ಮೆಟ್ಟಿಲಿಗೆ. ಅವರ ಹಿರಿಯರ ಹೆಸರುಗಳೆಲ್ಲ ನಮ್ಮ ಪುಸ್ತಕದಲ್ಲಿ, ಬೂದಿ ನಮ್ಮ ಅಂಗಳದಲ್ಲಿ.

ನಮ್ಮ ಗಂಟೆ ಕೊಡಿಸಿದವನೂ ಅಂಥ ಒಬ್ಬ ಸಾಹುಕಾರ. ಒಂದೇ ವರ್ಷ, ಒಬ್ಬನೇ ಎರಕದವನ ಕೈಯಲ್ಲಿ ಎರಡು ಗಂಟೆ ಹೊಯ್ಯಿಸಿದ. ಒಂದು ನಮಗೆ, ಇನ್ನೊಂದು ತನ್ನ ತಾಯಿಯ ತವರು ಫುಕುಯಾಮಾದ ರಿನ್ಶೋಜಿ ಗುಡಿಗೆ. ಎರಡರ ಮೇಲೂ ಅವನ ಹೆಸರು, ವರ್ಷ, ಬುದ್ಧನಾಮ. ಗುಡಿಯ ಹೆಸರು ಮಾತ್ರ ಇಲ್ಲ. ತನ್ನ ಹೆಸರು ಬಿದ್ದರೆ ಸಾಕೆನಿಸಿರಬೇಕು, ದೊಡ್ಡವರ ದಾನವೇ ಹಾಗೆ.

ಯುದ್ಧಕ್ಕೆ ಲೋಹ ಬೇಕೆಂದು ಸರ್ಕಾರ ಆ ಗಂಟೆಯನ್ನು ಕೇಳಿದಾಗ ಕೊಟ್ಟೆವು. ಕೊಡುವುದಿಲ್ಲ ಎನ್ನುವ ಕಾಲವಲ್ಲ ಅದು. ಸಿಪಾಯಿಯನ್ನು ಕಳಿಸುವಂತೆ ಕೆಂಪು-ಬಿಳಿ ಬಟ್ಟೆ ಸುತ್ತಿ, ಊರೆಲ್ಲ ಸೇರಿ ಕಳಿಸಿದೆವು. ಭಾರವಿಲ್ಲದಿದ್ದರೆ ಬಿರುಗಾಳಿಗೆ ಗಂಟೆಮನೆ ಅಲುಗುತ್ತದೆಂದು ಕಲ್ಲುಕುಟಿಗ ಇಸಾಬುರೋ ಒಂದು ಬಂಡೆಯನ್ನು ಕೆತ್ತಿ ಅಲ್ಲಿ ತೂಗುಹಾಕಿದ. ನಾಲ್ಕು ವರ್ಷ ನಮ್ಮ ಗುಡಿಯಲ್ಲಿ ಕಲ್ಲು ನೇತಾಡಿತು. ಅಷ್ಟರಲ್ಲಿ ನನ್ನ ಗಂಡ ತೀರಿಕೊಂಡರು, ಮಗ ದಕ್ಷಿಣದ ರಣರಂಗದಿಂದ ಮಲೇರಿಯಾ ಹೊತ್ತು ಬಂದು ಗುರುವಾದ, ಯುದ್ಧವೂ ಸೋತು ಮುಗಿಯಿತು.

ಮರುವರ್ಷದ ಬೇಸಿಗೆಯಲ್ಲಿ ಸುದ್ದಿ ಬಂತು. ಲೋಹ ಕರಗಿಸುವ ಒಂದು ದ್ವೀಪದಲ್ಲಿ, ಸರದಿ ಬರುವ ಮೊದಲೇ ಯುದ್ಧ ಮುಗಿದ ಕಾರಣ, ನೂರಾರು ಗಂಟೆಗಳು ಕರಗದೆ ಬಿದ್ದಿವೆಯಂತೆ. ಗುರುತು ಹಿಡಿದವರು ಒಯ್ಯಬಹುದಂತೆ. ಆ ದಿನ ನಾನು ಊಟ ಮಾಡಲಿಲ್ಲ. ಗಂಡ ಸತ್ತಾಗಲೂ ಮಾಡಿದ್ದೆ.

ನಮ್ಮ ಭಕ್ತರಲ್ಲಿ ಹಿರಿಯ ತೊಮೊನಾಗ. ಅವನದು ಅಕ್ಕಿ ಹುದುಗಿಸಿ ಹುಳಿರಸ ತಯಾರಿಸುವ ವ್ಯಾಪಾರ. ಮುಖಕ್ಕೂ ಅದೇ ರುಚಿ.

"ಅಮ್ನೋರೆ, ಎರಡರ ಮೇಲೂ ಒಂದೇ ಬರಹ ಅಂತೀರಿ. ಅಲ್ಲಿ ಸಿಕ್ಕಿದ್ದು ನಮ್ದೇ ಅಂತ ಗೊತ್ತಾಗೋದ್ ಹೆಂಗೆ?"

"ಹೆತ್ತ ಮಗು ಅತ್ರೆ ತಾಯಿಗೆ ಗೊತ್ತಾಗಲ್ವಾ? ಒಂದು ಪೆಟ್ಟು ಸಾಕು ನಂಗೆ."

"ತಪ್ಪಿದ್ರೆ?"

"ತಪ್ಪಿದ್ರೆ ಈ ಕಿವಿ ಕೊಯ್ದು ನಿಮ್ಮ ಹುಳಿ ಪೀಪಾಯಿಗೆ ಹಾಕ್ಕೊಳ್ಳಿ ಯಜಮಾನ್ರೆ."

ಮೇಲೆತ್ತುವ ಕೆಲಸಕ್ಕೆ ಇಸಾಬುರೋ ನನ್ನ ಜೊತೆ ದೋಣಿ ಹತ್ತಿದ. ನಲವತ್ತು ವರ್ಷ ಕಲ್ಲು ಕುಟ್ಟಿ ಅವನಿಗೆ ಮುಕ್ಕಾಲು ಪಾಲು ಕಿವುಡು. ಗಂಟೆ ಹುಡುಕಲು ಕಿವುಡನನ್ನು ಕರೆದೊಯ್ದವಳು ನಾನೊಬ್ಬಳೇ ಇರಬೇಕು.

ದ್ವೀಪದಲ್ಲಿಳಿದು ಲೋಹ ಕರಗಿಸುವ ಕಾರ್ಖಾನೆಯ ಅಂಗಳಕ್ಕೆ ಹೋದೆವು. ಎಲ್ಲೆಲ್ಲಿಯದೋ ಗಂಟೆಗಳು, ಕೆಲವು ಮಗುಚಿ, ಕೆಲವು ಒಂದರ ಮೇಲೊಂದು ಒರಗಿ, ಬಿಸಿಲಲ್ಲಿ ಬಿದ್ದಿದ್ದವು. ಅಷ್ಟೊಂದು ಊರು, ಒಂದರದೂ ಸದ್ದಿಲ್ಲ. ಎರಡು ತಾಸು ಅಕ್ಷರ ಓದುತ್ತ ನಡೆದೆವು. ಮೂಲೆಯಲ್ಲಿ ಆ ಸಾಹುಕಾರನ ಹೆಸರು ಕಂಡಿತು. ಅವನ ಹೆಸರಿನದು ಅಲ್ಲಿದ್ದದ್ದು ಅದೊಂದೇ. ಆದರೆ ಅದರ ಮೇಲೆ ಕೈಯಿಟ್ಟುಕೊಂಡು ಒಬ್ಬ ಮುದುಕ ಆಗಲೇ ಕುಳಿತಿದ್ದರು. ಸಿಪಾಯಿಯ ಬಟ್ಟೆಯಲ್ಲಿ ತೇಪೆ ಹಾಕಿದ ಸನ್ಯಾಸಿ ನಿಲುವಂಗಿ, ಒಂದು ಹುಬ್ಬು ಸುಟ್ಟುಹೋಗಿತ್ತು. ಫುಕುಯಾಮಾದ ರಿನ್ಶೋಜಿಯ ಗುರು, ಗೆನ್ಶೂ ಎಂದು ಪರಿಚಯ ಹೇಳಿಕೊಂಡರು.

ಅಲ್ಲಿನ ಗುಮಾಸ್ತ ಬಂದು ನಿಯಮ ಹೇಳಿದ. "ಇಬ್ರೂ ನಮ್ದು ಅಂದ್ರೆ ಇಬ್ರಿಗೂ ಇಲ್ಲಮ್ಮ. ಮೇಲಿನೋರು ತೀರ್ಮಾನ ಮಾಡೋವರ್ಗೂ ಇಲ್ಲೇ ಇರುತ್ತೆ. ಯಾವಾಗ ಮಾಡ್ತಾರೋ ಗೊತ್ತಿಲ್ಲ."

"ನೆಲದ ಮೇಲೆ ಕೂತ ಗಂಟೆ ಮೂಕ ಕಣಪ್ಪ," ಎಂದೆ. "ತೂಗುಹಾಕ್ತೀವಿ, ಹೊಡಿತೀವಿ. ಆಮೇಲೆ ನೋಡೋಣ."

ಇಸಾಬುರೋ ಮೂರು ಕಂಬ ನೆಟ್ಟು ಕಪ್ಪಿ-ಸರಪಳಿ ಕಟ್ಟುವ ತನಕ ನಾನೂ ಗೆನ್ಶೂ ಗುರುಗಳೂ ನೆರಳಿಗೆ ಹೋದೆವು. ನನ್ನ ಬುತ್ತಿಯ ಬೇಯಿಸಿದ ಗೆಣಸಿನಲ್ಲಿ ಅರ್ಧ ಕೊಟ್ಟೆ. ಅವರು ಸಿಪ್ಪೆಯನ್ನೂ ಬಿಡಲಿಲ್ಲ.

"ಬಾಂಬಿಗೆ ನಿಮ್ಮೂರು ಸುಡಲಿಲ್ಲ ಅಲ್ವಾ ಅಮ್ಮಾ?" ಎಂದರು.

"ಇಲ್ಲ ಗುರುಗಳೇ."

"ನಮ್ಮಲ್ಲಿ ಏನೂ ಉಳೀಲಿಲ್ಲ. ಸತ್ತೋರ ಹೆಸರಿನ ಪುಸ್ತಕಾನೂ ಹೋಯ್ತು. ನಾನು ಈಗ ನೆನಪಿಂದ ಬರೀತಿದೀನಿ. ದೂರ ಹೋಗಿದ್ದ ಜನ ವಾಪಸ್ ಬರ್ತಾರೆ, ಗುಡಿ ಎಲ್ಲಿತ್ತು ಅಂತ ಅವ್ರಿಗೆ ಗೊತ್ತಾಗಲ್ಲ. ಮರ ಇಲ್ಲ, ಗೋಡೆ ಇಲ್ಲ, ಬೀದಿ ಇಲ್ಲ. ಎಲ್ಲಿ ನೋಡಿದ್ರೂ ಒಂದೇ ಬಯಲು. ಹುಡುಕಿ ಹುಡುಕಿ ಹಂಗೇ ಹೋಗ್ಬಿಡ್ತಾರೆ. ಗಂಟೆ ಒಂದಿದ್ರೆ ಸದ್ದು ಹಿಡ್ಕೊಂಡು ಬರ್ತಾರಲ್ಲ."

ನನ್ನ ಊರಲ್ಲಿ ತಲೆ ಎತ್ತಿದರೆ ಗುಡಿ ಕಾಣುತ್ತದೆ.

ಇಸಾಬುರೋ ಕೈಬೀಸಿ ಕರೆದ. ಗಂಟೆ ಮೊಳದಷ್ಟು ಮೇಲೆ ತೂಗುತ್ತಿತ್ತು. ಬಟ್ಟೆ ಸುತ್ತಿದ ಮರದ ತುಂಡು ಹಿಡಿದು ನಾನೇ ಹೊಡೆದೆ.

ಸದ್ದು ಎದ್ದಿತು, ದೂರ ಹೋಯಿತು, ಇನ್ನೇನು ಮುಗಿಯಿತು ಎನ್ನುವಾಗ ಸ್ವಲ್ಪ ಹಿಂದೆ ಬಂತು, ಹೊರಟ ನೆಂಟ ಹೊಸ್ತಿಲಲ್ಲಿ ನಿಂತು ಇನ್ನೊಂದು ಮಾತು ತೆಗೆದ ಹಾಗೆ. ಲೋಕದಲ್ಲಿ ಬೇರೆ ಯಾವ ಗಂಟೆಯೂ ಹಾಗೆ ಹಿಂದಿರುಗುವುದಿಲ್ಲ. ನಮ್ಮದು. ನನ್ನ ಇಪ್ಪತ್ತಾರು ವರ್ಷದ ಬೆಳಗು, ಇಪ್ಪತ್ತಾರು ವರ್ಷದ ಸಂಜೆ. 'ನೋಡಿದೆಯಾ ತೊಮೊನಾಗ' ಎಂದು ಮನಸ್ಸಿನಲ್ಲೇ ಅವನಿಗೆ ಮೀಸೆ ತಿರುವಿ, ಗುಮಾಸ್ತನಿಗೆ ಹೇಳಲು ತಿರುಗಿದೆ.

ಗೆನ್ಶೂ ಗುರುಗಳು ಮಣ್ಣಿಗೆ ಹಣೆ ಹಚ್ಚಿ ಬಿದ್ದಿದ್ದರು. ಬೆನ್ನು ಕುಲುಕುತ್ತಿತ್ತು. ಸಿಕ್ಕಿತು ಎಂಬ ಸಂತೋಷಕ್ಕೆ ಮುದುಕ ಮಗುವಿನಂತೆ ಅಳುತ್ತಿದ್ದರು.

"ಏನಮ್ಮ, ನಿಮ್ದೇನಾ?" ಗುಮಾಸ್ತ ಕಾಗದ ಹಿಡಿದು ನಿಂತಿದ್ದ.

ನಮ್ಮದು, ಆದರೂ ನೀವು ಒಯ್ಯಿರಿ ಎನ್ನಬಹುದಿತ್ತು. ಆದರೆ ಬೇರೆಯವರ ಗಂಟೆಯನ್ನು ಆ ಮನುಷ್ಯ ಮುಟ್ಟುತ್ತಿರಲಿಲ್ಲ. ನಮ್ಮದೆಂದು ಗೊತ್ತಾದರೆ ತೊಮೊನಾಗ ನಾಳೆಯೇ ಎತ್ತಿನಗಾಡಿ ಕಟ್ಟಿಕೊಂಡು ಫುಕುಯಾಮಾಕ್ಕೆ ಹೋಗುತ್ತಿದ್ದ.

"ನಮ್ದಲ್ಲ," ಎಂದೆ.

"ಖಂಡಿತಾನಾ?"

"ನಮ್ದಕ್ಕೆ ಇದಕ್ಕಿಂತ ಒಳ್ಳೆ ದನಿ ಇತ್ತು. ಬರ್ಕೋ, ಈ ಗುರುಗಳದು ಅಂತ."

ಗುರುಗಳು ತಲೆ ಎತ್ತಿ ನನ್ನನ್ನೇ ನೋಡಿದರು. ಬಾಯಿ ತೆರೆದರು, ಮಾತು ಬರಲಿಲ್ಲ. ನಾನು ಮುಖ ತಿರುಗಿಸಿ ದೋಣಿಯತ್ತ ನಡೆದೆ. ಅದಕ್ಕಿಂತ ಒಂದು ಗಳಿಗೆ ಹೆಚ್ಚು ನಿಂತಿದ್ದರೆ ಗಂಟೆಯನ್ನು ತಬ್ಬಿಕೊಂಡು ಕುಳಿತುಬಿಡುತ್ತಿದ್ದೆ.

ದೋಣಿಯಲ್ಲಿ ನಾನು ಅತ್ತುಬಿಟ್ಟೆ. ಅದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಇಸಾಬುರೋ ಕಿವುಡರ ಹಾಗೆ ಕಿರುಚಿ ಕೇಳಿದ. "ನಮ್ದೇ ಅಲ್ವಾ ಅಮ್ನೋರೆ ಅದು?"

"ನಿಂಗೇನೋ ಗೊತ್ತು, ಕಿವುಡ!"

"ನಾನು ಗಂಟೆ ಕಡೆ ನೋಡ್ಲಿಲ್ಲ. ನಿಮ್ಮ ಮುಖ ನೋಡ್ತಿದ್ದೆ."

"ಊರಲ್ಲಿ ಬಾಯಿಬಿಟ್ಟೆ ಅಂದ್ರೆ ನಿನ್ನ ಗೋರಿಗೆ ಧೂಪ ಹಚ್ಚಲ್ಲ, ನೋಡ್ಕೋ."

ಅವನು ಬಾಯಿಬಿಡಲಿಲ್ಲ, ಪಾಪ. ದಡದಲ್ಲಿ ಕೆಂಪು-ಬಿಳಿ ಬಟ್ಟೆ ಹಿಡಿದು ಊರೇ ಕಾಯುತ್ತಿತ್ತು. ಬರಿಯ ದೋಣಿ ಕಂಡು ಬಟ್ಟೆ ಕೆಳಗಿಳಿಸಿದರು. ಆ ಹೆಸರಿನ ಗಂಟೆ ಸಿಕ್ಕಿತು, ಅದು ಫುಕುಯಾಮಾದ್ದು, ನಮ್ಮದು ಕರಗಿಹೋಗಿದೆ ಎಂದೆ. ತೊಮೊನಾಗ ನಂಬಲಿಲ್ಲ. "ನಮ್ದನ್ನೇ ಬಿಟ್ಟು ಬಂದಿದ್ದಾರೆ ಈಯಮ್ಮ. ಕಿವಿಗೆ ವಯಸ್ಸಾಗಿದೆ. ಪೀಪಾಯಿ ರೆಡಿ ಇದೆ, ಹೇಳಿ ಇವ್ರಿಗೆ," ಎಂದು ಎಲ್ಲರ ಮುಂದೆ ಅಂದ. ಜನ ನಕ್ಕರು. ನನ್ನ ಮಗನೂ ನಕ್ಕ. ನಾನು ಬೆನ್ನು ನೆಟ್ಟಗೆ ಮಾಡಿಕೊಂಡು ಮೆಟ್ಟಿಲು ಹತ್ತಿದೆ. ಮಾಡಿದ್ದು ಸರಿ ಎಂದು ಗೊತ್ತಿದ್ದವಳಿಗೆ ನಗು ಎಷ್ಟು ಹೊತ್ತು ಚುಚ್ಚೀತು? ಎರಡು ತಿಂಗಳು ಚುಚ್ಚಿತು.

ಶರತ್ಕಾಲದಲ್ಲಿ ಹಗಲು-ರಾತ್ರಿ ಸಮನಾಗುವ ವಾರ ಬಂತು. ಹಿರಿಯರ ಗೋರಿಗಳಿಗೆ ಹೋಗುವ ದಿನಗಳು. ದಾರ, ಸೂಜಿ ಬೇಕೆಂದು ಸುಳ್ಳು ಹೇಳಿ ಫುಕುಯಾಮಾದ ರೈಲು ಹತ್ತಿದೆ. ನಿಲ್ದಾಣದ ಹೊರಗೆ ತಗಡಿನ ಗುಡಿಸಲುಗಳು, ಬೂದುಬಣ್ಣದ ಬಯಲು. ರಿನ್ಶೋಜಿ ಎಲ್ಲಿ ಎಂದು ಕೇಳಬೇಕಾಗಲಿಲ್ಲ. ಸದ್ದು ಬಂತು. ಅದನ್ನೇ ಹಿಡಿದು ನಡೆದೆ. ನನ್ನ ಮುಂದೆಯೂ ಜನ ಹಾಗೆಯೇ ನಡೆಯುತ್ತಿದ್ದರು, ಕೈಯಲ್ಲಿ ಕಾಡುಹೂವು ಹಿಡಿದು.

ಗುಡಿಯೆಂದರೆ ಒಂದು ತಗಡಿನ ಮಾಡು. ಮುಂದೆ ನಾಲ್ಕು ಸುಟ್ಟ ತೊಲೆಗಳ ನಡುವೆ ನಮ್ಮ ಗಂಟೆ, ಪಕ್ಕದಲ್ಲಿ ಅದನ್ನು ಹೊಡೆಯಲು ಹಗ್ಗ ಕಟ್ಟಿ ತೂಗಿಬಿಟ್ಟ ಮರದ ದಿಮ್ಮಿ. ಜನ ಸಾಲಾಗಿ ಬಂದು ತಮ್ಮ ಸತ್ತವರ ಹೆಸರು ಹೇಳುತ್ತಿದ್ದರು. ಗೆನ್ಶೂ ಗುರುಗಳು ಬರೆದುಕೊಳ್ಳುತ್ತಿದ್ದರು. ಒಂದಷ್ಟು ಹೆಸರು ಬರೆದು, ಎದ್ದು ಒಂದು ಪೆಟ್ಟು, ಮತ್ತೆ ಬಂದು ಬರೆಯುವುದು. ದೂರದಿಂದ ನೋಡಿ ಹಿಂದಿರುಗಬೇಕೆಂದೇ ಬಂದಿದ್ದೆ. ಆದರೆ ಅವರು ಹೊಡೆದ ರೀತಿ! ನನ್ನಿಂದ ತಡೆದುಕೊಳ್ಳಲಾಗಲಿಲ್ಲ, ಸಾಲು ದಾಟಿ ನುಗ್ಗಿದೆ.

"ಯಾರ್ರೀ ನಿಮ್ಗೆ ಗಂಟೆ ಹೊಡಿಯೋದ್ ಕಲ್ಸಿದ್ದು? ಹಾವು ಹೊಡ್ದಂಗೆ ಹೊಡಿತೀರಲ್ಲ! ಕೂಸಿನ ಬೆನ್ನು ತಟ್ದಂಗೆ ತಟ್ಬೇಕು ಇದನ್ನ."

ಗುರುಗಳು ನನ್ನನ್ನು ನೋಡಿ ಬಣ್ಣಗೆಟ್ಟರು. "ಗೊತ್ತಮ್ಮಾ. ಕೈ ಕೇಳಲ್ಲ. ನಮ್ಮ ಗಂಟೆಗೆ ಜೋರು ಪೆಟ್ಟು ಬೇಕಿತ್ತು. ಮೂವತ್ತು ವರ್ಷದ ಅಭ್ಯಾಸ."

"ನಿಮ್ಮ ಗಂಟೆಗೆ ಅಂದ್ರೆ?"

ಅವರು ಲೇಖನಿ ಕೆಳಗಿಟ್ಟರು. "ಅವತ್ತು ಮೊದಲ್ನೇ ಪೆಟ್ಟಿಗೇ ಗೊತ್ತಾಯ್ತು, ಇದು ನಮ್ದಲ್ಲ ಅಂತ. ಹಂಗಿದ್ರೆ ನಮ್ದು ಕರಗಿಹೋಗಿದೆ ಅಂತ ಅರ್ಥ ಆಗಿ ಅಳು ಬಂತು. ಕಣ್ಣೊರೆಸ್ಕೊಂಡು ನಿಮ್ಗೆ ಒಪ್ಪಿಸೋಣ ಅಂತ ತಲೆ ಎತ್ತೋಷ್ಟರಲ್ಲಿ ನೀವು ನಮ್ದಲ್ಲ ಅಂದ್ಬಿಟ್ರಿ. ನಂಗೆ ಬಾಯಿ ಬರ್ಲಿಲ್ಲ ತಾಯಿ. ತಗೊಂಡು ಬಂದೆ. ನಾನು ಕಳ್ಳ. ನಾಳೆನೇ ಗಾಡಿ ಹೂಡಿಸಿ ಕಳಿಸ್ತೀನಿ."

ನನಗೆ ಸಿಟ್ಟು ನೆತ್ತಿಗೇರಿತು. ಯಾವ ಅಳುವನ್ನು ಸಂತೋಷವೆಂದುಕೊಂಡು ನನ್ನ ಗಂಟೆ ಕೊಟ್ಟೆನೋ, ಊರ ಬಾಯಿಗೆ ಬಿದ್ದೆನೋ, ಅದು ಸಂತೋಷವೇ ಅಲ್ಲವಂತೆ! ಈ ಮನುಷ್ಯನಿಗೂ ಗೊತ್ತಿತ್ತಂತೆ! ಹೌದು, ಕಳಿಸಿ, ನಾಳೆಯೇ ಕಳಿಸಿ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು.

ಆಗ ಸಾಲಿನಿಂದ ಒಬ್ಬ ಮುದುಕಿ ನನ್ನ ತೋಳು ಹಿಡಿದಳು. "ಏನ್ ಜಗಳಾನೋ ಆಮೇಲೆ ಆಡ್ಕೊಳ್ರವ್ವ. ಗಂಟೆ ನಿಲ್ಲಿಸ್ಬೇಡಿ. ನಮ್ಮಕ್ಕ ಹೊಳೆ ಆಚೆಯಿಂದ ಬರ್ತಾವ್ಳೆ, ಕಣ್ಣು ಕಾಣಲ್ಲ ಅವ್ಳಿಗೆ. ಸದ್ದು ನಿಂತ್ರೆ ಅಲ್ಲೇ ನಿಂತ್ಬಿಡ್ತಾಳೆ."

ನಾನು ಬಯಲಿನತ್ತ ನೋಡಿದೆ. ಬಿಸಿಲಿನಲ್ಲಿ ಅಲ್ಲಲ್ಲಿ ಜನ ನಿಂತಿದ್ದರು, ಯಾವ ಕಡೆಗೆ ಹೆಜ್ಜೆಯಿಡಬೇಕೆಂದು ತಿಳಿಯದೆ.

"ಗುರುಗಳೇ, ನಿಮ್ಗೆ ಕಿವಿ ನೆಟ್ಟಗಿಲ್ಲ," ಎಂದೆ, ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ. "ಇದು ನಿಮ್ದೇ. ನಮ್ದಲ್ಲ. ಬನ್ನಿ ಇಲ್ಲಿ, ಕೈ ಕೊಡಿ."

ಅವರ ಕೈಗೆ ಹಗ್ಗ ಕೊಟ್ಟು, ಆ ಕೈಯ ಮೇಲೆ ನನ್ನ ಕೈ ಇಟ್ಟೆ. ಇಬ್ಬರೂ ಸೇರಿ ದಿಮ್ಮಿಯನ್ನು ಮೆಲ್ಲಗೆ ಹಿಂದಕ್ಕೆಳೆದು ಬಿಟ್ಟೆವು. ಹೊಳೆಯ ಕಡೆ ಕೋಲು ಊರಿ ನಿಂತಿದ್ದ ಒಬ್ಬಳು ನಮ್ಮತ್ತ ತಿರುಗಿದಳು, ನಡೆಯತೊಡಗಿದಳು.