ಸ್ಲೈಡ್ ಇಲ್ಲದ ಪ್ರಶ್ನೆ

೨೦೦೮ರಲ್ಲಿ ಪಾಲಾರಿವಟ್ಟದ ನಮ್ಮ ಶಾಲೆಗೆ ಪ್ರೊಜೆಕ್ಟರ್ ಬಂತು. ಮಕ್ಕಳು ತಾವಾಗಿ ಪ್ರಶ್ನೆ ಕೇಳುತ್ತಾ ಕಲಿಯುವುದನ್ನು ನೋಡಲು ಶಿಕ್ಷಣ ಇಲಾಖೆಯ ಅಧಿಕಾರಿ ಬರುತ್ತಾರೆ ಎಂದರು ಹೆಡ್‌ಮಾಸ್ಟರ್. ತಾವಾಗಿಯಂತೆ! ವಿಜ್ಞಾನದ ಟೀಚರ್ ನಾನು, ಯಾರೂ ಕೇಳದಿದ್ದರೆ ಹೋಗುವುದು ನನ್ನ ಮರ್ಯಾದೆ. ಚಂದ್ರನ ಬಗ್ಗೆ ಸ್ಲೈಡ್ ಮಾಡಿ, ಅವಕ್ಕೆ ಹೊಂದುವ ಐದು ಪ್ರಶ್ನೆ ಬರೆದು, ಐದು ಮಕ್ಕಳಿಗೆ ಒಂದು ವಾರ ಬಾಯಿಪಾಠ ಮಾಡಿಸಿದೆ. ಪಾವನಾ ಆಸೆಯಿಂದ ನೋಡುತ್ತಿದ್ದಳು. ಮಾತಾಡುವಾಗ ತಡವರಿಸುವ ಹುಡುಗಿ; ಅವಳಿಗೆ ಕೊಡಲಿಲ್ಲ.

ಆ ದಿನ ಪರದೆಯ ಮೇಲೆ ಇನ್ನೂ ಶಾಲೆಯ ಹೆಸರಷ್ಟೇ ಇತ್ತು. ಆ ಐವರಲ್ಲಿ ಒಬ್ಬನಾದ ಪ್ರಜ್ವಲ್ ಚಂದ್ರನ ಚಿತ್ರ ಬರುವ ಮೊದಲೇ ಎದ್ದು ನಿಂತು, "ಟೀಚರ್, ಈ ಚಿತ್ರದಲ್ಲಿ ಕಪ್ಪಗೆ ಕಾಣುವುದು ಏನು?" ಎಂದುಬಿಟ್ಟ. ಅಧಿಕಾರಿ ನಗು ತಡೆಯಲು ಬಾಯಿಗೆ ಕರವಸ್ತ್ರ ಹಿಡಿದರು. ಭೂಮಿ ಬಾಯಿಬಿಡಬಾರದೇ ಅನಿಸಿತು ನನಗೆ.

ಆಗ ಪಾವನಾ ಕೈ ಎತ್ತಿದಳು. "ಟೀಚರ್, ಒಂದೊಂದು ದಿನ ಹಗಲಲ್ಲೂ ಚಂದ್ರ ಕಾಣ್ತಾನಲ್ಲ, ಯಾಕೆ?"

ಒಂದು ಸಲವೂ ತಡವರಿಸಲಿಲ್ಲ. ಅದಕ್ಕೆ ನನ್ನಲ್ಲಿ ಸ್ಲೈಡ್ ಇರಲಿಲ್ಲ. ಪ್ರೊಜೆಕ್ಟರ್ ಆರಿಸಿ ಎಲ್ಲರನ್ನೂ ಅಂಗಳಕ್ಕೆ ಕರೆದುಕೊಂಡು ಹೋದೆ. ಅಧಿಕಾರಿಯೂ ಮಕ್ಕಳ ನಡುವೆ ಕತ್ತೆತ್ತಿ ನಿಂತು ಚಂದ್ರನನ್ನು ಹುಡುಕಿದರು.

ಸಂಜೆ ಅವಳ ಬೆನ್ನು ತಟ್ಟಿದೆ. "ಎಷ್ಟು ಸರಾಗವಾಗಿ ಕೇಳಿದೆ, ಮೋಳೇ, ನನ್ನ ಮಗಳೇ!"

"ನೀವು ಒಂದು ಕೊಡ್ತೀರಿ ಅಂತ ಕಾದೆ ಟೀಚರ್. ಕೊಡಲೇ ಇಲ್ಲ. ಅದಕ್ಕೆ ನಾನೇ ಒಂದು ಮಾಡಿಕೊಂಡು ವಾರವೆಲ್ಲ ಬಾಯಿಪಾಠ ಮಾಡಿದೆ."