ಒಂದು ಕೋರು, ಎರಡು ಥ್ರೆಡ್ಡು ಮತ್ತು ಗಾಳೇಶ

ಜಗತ್ತಿನ ದೊಡ್ಡ ದೊಡ್ಡ ಚಿಪ್ ಕಂಪನಿಗಳು ಹೊಸ ಪ್ರೊಸೆಸರಿನ ನಕಾಶೆ ಬರೆಯುವ ಮೊದಲು ಭಾಗ್ಯನಗರದ ದಾದೇಸಾಬನ ಅಪ್ಪಣೆ ಕೇಳುತ್ತಿದ್ದವು. ಅವನು ಊಟಕ್ಕೆ ಕೂತಿದ್ದರೆ ಕೈ ತೊಳೆಯುವ ತನಕ ಕಾರ್ಖಾನೆ ನಿಲ್ಲಿಸಿಕೊಂಡು ಕಾಯುತ್ತಿದ್ದವು. ಒಮ್ಮೆ ಅವನು ನೆಗಡಿಯಾಗಿ ಸೀನಿದ್ದಕ್ಕೆ, ಸಾಬರಿಗೆ ಒಪ್ಪಿಗೆ ಇಲ್ಲವೆಂದು ತಿಳಿದು ಇಡೀ ಒಂದು ಡಿಸೈನನ್ನೇ ಹರಿದು ಒಗೆದರು. ಇದನ್ನು ದಾದೇಸಾಬನೇ ಹೇಳಿದ್ದಾನೆ. ಹೀಗಾಗಿ ಬೇರೆ ಸಾಕ್ಷಿ ಬೇಕಿಲ್ಲ.

ಅವನದು ಕಂಪ್ಯೂಟರ್ ರಿಪೇರಿ ಅಂಗಡಿ. ಒಂದು ಕಾಲಕ್ಕೆ ಅಲ್ಲಿ ಎರಡು ಕುರ್ಚಿಗಳಿದ್ದವು. ಎರಡನೆಯದು ಪಾಲುದಾರ ಗಾಳೇಶನದು. ಇಬ್ಬರೂ ಒಂದೇ ಸ್ಕ್ರೂ ಬಿಚ್ಚುತ್ತ ನೂರು ಮಾತಿಗೆ ಜಗಳ ತೆಗೆಯುತ್ತಿದ್ದರು. ದೊಡ್ಡ ಜಗಳ ಮಾತ್ರ ಒಂದೇ. ಪ್ರೊಸೆಸರಿನೊಳಗೆ ದುಡಿಯುವ ಭಾಗ ಕೋರ್, ಅದರ ಕೈಗೆ ಕೊಡುವ ಕೆಲಸದ ಸಾಲು ಥ್ರೆಡ್. ಒಂದು ಕೋರಿಗೆ ಒಂದೇ ಥ್ರೆಡ್ ಕೊಡಬೇಕೋ ಎರಡು ಕೊಡಬೇಕೋ?

ವಾದವೆಲ್ಲ ನಡೆಯುತ್ತಿದ್ದುದು ಪಕ್ಕದ ಶಿವಬಸಮ್ಮನ ಖಾನಾವಳಿಯಲ್ಲಿ. ಅಲ್ಲಿ ಒಂದೇ ಹಂಚಿನ ಮುಂದೆ ಕಳಕಮ್ಮ, ಹುಲಗಮ್ಮ ಇಬ್ಬರೂ ಕೂತು ರೊಟ್ಟಿ ಬಡಿಯುತ್ತಿದ್ದರು.

“ನೋಡಲೇ ಗಾಳ್ಯಾ,” ಅನ್ನುತ್ತಿದ್ದ ದಾದೇಸಾಬ, “ಕಳಕಮ್ಮ ಹಿಟ್ಟು ನಾದೂತನ ಹಂಚು ಸುಮ್ನ ಕಾಯಬೇಕೇನು? ಅಷ್ಟ್ರಾಗ ಹುಲಗಮ್ಮನ ರೊಟ್ಟಿ ಬೇಯ್ತೈತಿ. ಒಂದ ಹಂಚು, ಇಬ್ಬರ ಬಡಿತ. ಎರಡು ಥ್ರೆಡ್ ಅಂದ್ರ ಇದ.”

“ಇಬ್ಬರ ರೊಟ್ಟಿನೂ ಒಮ್ಮೆಲೆ ತಯಾರಾದ್ರ? ಒಂದು ಬೇಯ್ತೈತಿ, ಇನ್ನೊಂದು ಕೈಯಾಗ ಹರೀತೈತಿ. ಅದರ ಬದ್ಲಿ ಇನ್ನೊಂದು ಹಂಚು ಇಡು.”

“ಅದಕ್ಕ ಕಟಗಿ ನಿಮ್ಮಪ್ಪ ತರ್ತಾನೇನು?”

“ತಿಂದು ಏಳ್ರಪಾ,” ಅನ್ನುತ್ತಿದ್ದಳು ಶಿವಬಸಮ್ಮ. “ನನ್ನ ಹಂಚಿನ ಮ್ಯಾಲೆ ನೀವಿಬ್ರು ಸಂಸಾರ ಹೂಡಬ್ಯಾಡ್ರಿ.”

2006ರಲ್ಲಿ ಪಂದ್ಯ ಬಿತ್ತು. ದಾದೇಸಾಬನ ಮಷಿನ್ನಿಗೆ ಒಂದು ಕೋರು, ಎರಡು ಥ್ರೆಡ್ಡು. ಗಾಳೇಶನದು ಆಗತಾನೆ ಬಂದ ಎರಡು ಕೋರಿನದು, ಒಂದೊಂದಕ್ಕೆ ಒಂದೊಂದೇ ಥ್ರೆಡ್ಡು. ತಾವರಗೇರಾದ ಒಂದು ಮದುವೆ ವಿಡಿಯೋವನ್ನು ಎರಡಕ್ಕೂ ಹಾಕಿ, ಯಾವುದು ಮೊದಲು ಸಿ.ಡಿ.ಗೆ ತಯಾರು ಮಾಡುತ್ತದೋ ನೋಡುವುದು. ಸೋತವನು ತನ್ನ ಸಾಮಾನಿನ ಪೆಟ್ಟಿಗೆ ಎತ್ತಿಕೊಂಡು ಅಂಗಡಿ ಬಿಡಬೇಕು. ನಗುನಗುತ್ತಲೇ ಆಡಿದ ಮಾತದು.

ದಾದೇಸಾಬನ ಮಷಿನ್ ಐವತ್ತು ವರ್ಷ ಮೊದಲೇ ಮುಗಿಸಿತು. ಗಡಿಯಾರದ ಪ್ರಕಾರ ಐವತ್ತು ನಿಮಿಷ. ಅಲ್ಲಿ ಮದುಮಗಳ ಕೊರಳಿಗೆ ತಾಳಿ ಬಿದ್ದು ಬೀಗರು ಉಂಡು ಕೈ ತೊಳೆದಿದ್ದರು, ಇಲ್ಲಿ ಗಾಳೇಶನ ಪರದೆಯ ಮೇಲೆ ಇನ್ನೂ ಅರಿಷಿಣ ಹಚ್ಚುತ್ತಿದ್ದರು. ಗಾಳೇಶ ಎದ್ದ. “ಮಾತು ಅಂದ್ರ ಮಾತು,” ಅಂದ. ಒಂದು ಕೈಯಲ್ಲಿ ಪೆಟ್ಟಿಗೆ, ಇನ್ನೊಂದರಲ್ಲಿ ಮಷಿನ್ ಹಿಡಿದು ತನ್ನೂರು ಕುಷ್ಟಗಿಯ ಬಸ್ಸು ಹತ್ತಿದ.

ಮರುದಿನ ದಾದೇಸಾಬ ಎರಡು ಚಹಾ ಹೇಳಿದ. ಎಂಟು ದಿನ ಎರಡೆರಡೇ ಹೇಳಿದ. ಒಂಬತ್ತನೆಯ ದಿನ ಚಹಾದವನೇ ಒಂದು ಕಪ್ಪು ತಂದಿಟ್ಟ.

ಮುಂದಿನ ವರ್ಷಗಳಲ್ಲಿ ಅವನು ಬಿಟ್ಟ ನಿಟ್ಟುಸಿರಿಗೆ ಹೇಮಗುಡ್ಡದ ಮೇಲಿನ ಹುಲ್ಲೆಲ್ಲ ಒಂದೇ ಕಡೆ ಬಾಗಿ ನಿಂತಿತ್ತು. ಎರಡು ವರ್ಷಕ್ಕೆ ಎರಡು ಥ್ರೆಡ್ಡಿನ ಕೋರುಗಳು ಹೊಸ ರೂಪದಲ್ಲಿ ಬಂದವು. “ನೋಡಿದೇನಲೇ ಗಾಳ್ಯಾ,” ಎಂದು ತಿರುಗಿದರೆ ಕುರ್ಚಿಯ ಮೇಲೆ ಕೆಟ್ಟ ಪ್ರಿಂಟರ್ ಕೂತಿತ್ತು. ಗಿರಾಕಿಗಳಿಗೆ ಹೇಳಿದರೆ, “ಖರೆ ಐತ್ರಿ ಸಾಬ್ರ, ಮೊದ್ಲ ಇದನ್ನ ಚಾಲೂ ಮಾಡ್ರಿ,” ಎನ್ನುತ್ತಿದ್ದರು. ಮಾತಿಗೆ ಮೊದಲೇ ಒಪ್ಪಿಬಿಡುವ ಜನರ ನಡುವೆ ಮನುಷ್ಯ ಎಷ್ಟು ದಿನ ಬದುಕಿಯಾನು? ಗಾಳೇಶನ ನಂಬರು ಫೋನಿನಲ್ಲಿತ್ತು. ಗೆದ್ದವನು ಮೊದಲು ಫೋನ್ ಮಾಡಿದರೆ ಗೆಲುವಿಗೆ ಏನು ಕಿಮ್ಮತ್ತು ಎಂದುಕೊಂಡು ಒತ್ತುತ್ತಿರಲಿಲ್ಲ.

2024ರಲ್ಲಿ ಸುದ್ದಿ ಬಂತು: ಮುಂದೆ ಬರಲಿರುವ ಡೆಸ್ಕ್‌ಟಾಪ್ ಪ್ರೊಸೆಸರೊಂದರಲ್ಲಿ ಎರಡನೆಯ ಥ್ರೆಡ್ ತೆಗೆದುಬಿಡುತ್ತಾರಂತೆ. ಓದುತ್ತ ಓದುತ್ತ ದಾದೇಸಾಬನ ಮುಖ ಅರಳಿತು. ಸೋತಿದ್ದೇನೆ ಎಂದು ಹೇಳಲಿಕ್ಕಾದರೂ ಹೋಗಬಹುದಲ್ಲ.

“ಗೆದ್ದು ಹದಿನೆಂಟು ವರ್ಷ ಆತು,” ಅಂದಳು ಹೆಂಡತಿ ಶಹನಾಜಬೇಗಂ, “ಮಾರಿ ನೋಡಿದ್ರ ಒಂದ ದಿನಾನೂ ಗೆದ್ದವರಂಗ ಕಾಣಲಿಲ್ಲ. ಹೋಗಿ ಬರ್ರಿ.”

ಯಲಬುರ್ಗಾದ ಮೇಲೆ ಹಾಯ್ದು ಹೋಗುವ ಬಸ್ಸು ಹಿಡಿದ. ದಾರಿಯುದ್ದಕ್ಕೂ ಗಾಳೇಶ ಏನನ್ನುತ್ತಾನೆ, ತಾನೇನನ್ನಬೇಕು ಎಂದು ಎರಡೂ ಪಾತ್ರ ತಾನೇ ಆಡಿದ. ಪಕ್ಕದಲ್ಲಿದ್ದ ಮುದುಕಿ ಎದ್ದು ಹಿಂದಿನ ಸೀಟಿಗೆ ಹೋದಳು.

ಕುಷ್ಟಗಿಯ ಅಂಗಡಿಯಲ್ಲಿ ಗಾಳೇಶ ತಲೆ ಎತ್ತಿದ. ಕೂದಲು ಪೂರಾ ಬಿಳಿ. “ಬಾ,” ಎಂದಷ್ಟೇ ಅಂದು ಸ್ಟೂಲು ಸರಿಸಿದ.

“ಕಂಪನಿಯವ್ರು ಭಾಳ ಕೇಳಿದ್ರು,” ದಾದೇಸಾಬ ಕೂಡುತ್ತಲೇ ಶುರು ಮಾಡಿದ. “ಪಾಪ, ಗಾಳೇಶಂದೂ ಒಂದು ಮಾತು ನಡೀಲಿ, ಡೆಸ್ಕ್‌ಟಾಪಿನ್ಯಾಗ ಎರಡನೇ ಥ್ರೆಡ್ ತಗೀರಿ ಅಂದೆ.”

“ಸರ್ವರಿನ್ಯಾಗ?”

“ಅಲ್ಲಿ ಇರ್ಲಿ ಅಂದೀನಿ. ಸಾವಿರ ಮಂದಿ ಒಮ್ಮೆಲೆ ಪಂಕ್ತಿಗೆ ಕುಂತಾಗ ಹಂಚು ಖಾಲಿ ಬಿಡಾಕ ಬರೂದಿಲ್ಲ.”

“ತಪ್ಪು. ಸಾವಿರ ಮಂದಿಗೆ ಸಾವಿರ ಸಣ್ಣ ಹಂಚು. ಒಬ್ಬರ ಕೈ ಒಬ್ಬರಿಗೆ ತಾಗಂಗಿಲ್ಲ, ಒಬ್ಬರ ಗುಟ್ಟು ಒಬ್ಬರಿಗೆ ತಿಳ್ಯಂಗಿಲ್ಲ.”

ತಪ್ಪು. ಹದಿನೆಂಟು ವರ್ಷ ಯಾರೂ ಅವನಿಗೆ ಆ ಮಾತು ಅಂದಿರಲಿಲ್ಲ. ದಾದೇಸಾಬ ಅದನ್ನು ಬಾಯಲ್ಲಿಟ್ಟ ಬೆಲ್ಲದ ಹಾಗೆ ಕರಗಲು ಬಿಟ್ಟ.

ಗಾಳೇಶ ಕನ್ನಡಕ ತೆಗೆದ. “ಅದಿರ್ಲಿ. ಆ ಮದುವಿ ವಿಡಿಯೋ ದಿನ ನನ್ನ ಮಷಿನ್ ಯಾಕ ಹಿಂದ ಬಿತ್ತು? ನಿನ್ನ ಕಂಪನಿಯವ್ರನ್ನ ಕೇಳಿ ಹೇಳು.”

“ವೋಲ್ಟೇಜ್ ಕಡಿಮಿ ಇತ್ತಲಾ ಅವತ್ತು.”

“ಎರಡೂ ಒಂದ ಬೋರ್ಡಿಗೆ ಹಚ್ಚಿದ್ವಿ.”

“ನಿನ್ನ ಫ್ಯಾನಿನ್ಯಾಗ ಧೂಳಾ...”

“ಅವತ್ತ ಡಬ್ಬಿಯಿಂದ ತಗದ ಫ್ಯಾನು. ದಾದ್ಯಾ, ನಾ ಇಲ್ಲಿಗೆ ಬಂದು ಇಳದ ದಿನಾನ ಸೆಟ್ಟಿಂಗ್ ತಗದು ನೋಡೀನಿ. ಎರಡನೇ ಕೋರ್ ಬಂದ್ ಇತ್ತು.”

ದಾದೇಸಾಬನ ನಾಲಿಗೆಯಲ್ಲಿ ಸಾವಿರ ಸುಳ್ಳುಗಳಿದ್ದವು. ಎಲ್ಲವನ್ನೂ ನುಂಗಿಕೊಂಡು ಕೇಳಿದ:

“ಗೊತ್ತಿದ್ದೂ ಯಾಕ ತಿರುಗಿ ಬರಲಿಲ್ಲ?”

“ನೀ ಬಂದು ಹೇಳ್ತಿ ಅಂತ ಕುಂತೆ.”

“ನಾನ ಮಾಡಿದ್ದು,” ಅಂದ ದಾದೇಸಾಬ, ನೆಲ ನೋಡುತ್ತ. “ನೀ ಚಹಾ ಹೇಳಾಕ ಹೋದಾಗ ಬಂದ್ ಮಾಡಿದೆ. ಸಂಜಿಗೆ ಹೇಳಿ ನಗಬೇಕಂತ ಇದ್ದೆ, ಅಷ್ಟ್ರಾಗ ನೀ ಪೆಟಗಿ ಎತ್ತಿದಿ. ಆಮ್ಯಾಲೆ ಹೇಳಾಕ ಬಾಯಿ ಬರಲಿಲ್ಲ. ಯಾ ಕಂಪನಿಯವ್ರೂ ನನ್ನ ಏನೂ ಕೇಳಿಲ್ಲೋ ಗಾಳ್ಯಾ. ಕೇಳಾಂವ ನೀ ಒಬ್ಬನ ಇದ್ದಿ.”